615 ನರ್ತಕಿಯರು, 3,140 ಹಳ್ಳಿಗಳು: ಖ್ಮೇರ್ ನಾಡಿನಲ್ಲಿ ಸುತ್ತಾಟ

ಗುರುವಾರ

ಕಾಂಬೋಡಿಯಾಕ್ಕೆ ಹೊರಟವರು ಯಾರಾದರೂ ಕೇಳಿದರೆ ನಾನು ಹೇಳುವುದು ಒಂದೇ ಮಾತು: ಅಂಗ್‌ಕೋರ್ ವಾಟನ್ನು ಕೊನೆಗೆ ಇಟ್ಟುಕೊಳ್ಳಿ. ಮೊದಲ ದಿನವೇ ಅಷ್ಟು ದೊಡ್ಡದನ್ನು ನೋಡಿಬಿಟ್ಟರೆ ಉಳಿದ ಗುಡಿಗಳೆಲ್ಲ ಸಣ್ಣವಾಗಿ ಕಾಣುತ್ತವೆ. ಆ ನಾಡಿನ ಕಥೆ ಶುರುವಾಗುವುದು ಆ ಸಣ್ಣ ಗುಡಿಗಳಲ್ಲೇ. ಹಾಗಾಗಿ ನಾನೂ ಅಕ್ಕನೂ ಅಂಗ್‌ಕೋರ್ ಪಕ್ಕದ ಪಟ್ಟಣ ಸಿಯೆಮ್ ರೀಪ್‌ನಿಂದ ಮೊದಲು ಪೂರ್ವದ ದಾರಿ ಹಿಡಿದೆವು, ಸುಮಾರು 13 ಕಿ.ಮೀ. ದೂರದ ರೊಲುಓಸ್‌ಗೆ. ಅಕ್ಕ ಮೈಸೂರಿನಲ್ಲಿ ಮಕ್ಕಳಿಗೆ ಭರತನಾಟ್ಯ ಹೇಳಿಕೊಡುತ್ತಾಳೆ. ಈ ಕಡೆ ಬರಬೇಕೆಂಬುದು ಅವಳ ಬಹುಕಾಲದ ಆಸೆ.

ಗುಡಿಗಳ ಪಾಸ್ ಒಂದು ದಿನಕ್ಕೆ 37 ಡಾಲರ್, ಮೂರು ದಿನಕ್ಕೆ 62. ಮೂರು ದಿನದ್ದು ತೆಗೆದುಕೊಂಡರೆ ಹತ್ತು ದಿನದೊಳಗೆ ಯಾವಾಗ ಬೇಕಾದರೂ ಬಳಸಬಹುದು. ದುಬಾರಿ ಎನಿಸಿದರೂ ಪ್ರತಿ ಪಾಸಿನಿಂದ 2 ಡಾಲರ್ ಕಾಂಥಾ ಬೋಫಾ ಮಕ್ಕಳ ಆಸ್ಪತ್ರೆಗೆ ಸೇರುತ್ತದೆ ಎಂದು ತಿಳಿದ ಮೇಲೆ ಕೊಡುವಾಗ ಮನಸ್ಸು ಹಿಂಜರಿಯಲಿಲ್ಲ.

ರೊಲುಓಸ್‌ನ ಹಳೆಯ ಹೆಸರು ಹರಿಹರಾಲಯ. ತುಂಗಭದ್ರೆ ದಂಡೆಯ ಹರಿಹರದಲ್ಲಿ ಹುಟ್ಟಿ ಬೆಳೆದ ನಮಗೆ ಆ ಹೆಸರು ಕೇಳಿದರೆ ಸಾಕು, ಊರಿಗೇ ಬಂದಷ್ಟು ಖುಷಿ. ನಮ್ಮ ಹರಿಹರೇಶ್ವರ ಗುಡಿ ಹೊಯ್ಸಳರ ಕಾಲದ್ದು, 13ನೇ ಶತಮಾನದ್ದು. ಈ ಹರಿಹರಾಲಯ 9ನೇ ಶತಮಾನದಲ್ಲೇ ರಾಜಧಾನಿ. ಅರ್ಧ ಶಿವ ಅರ್ಧ ವಿಷ್ಣುವಾದ ದೇವರನ್ನು ಖ್ಮೇರರು, ಅಂದರೆ ಕಾಂಬೋಡಿಯಾದ ಜನ, ಅದಕ್ಕೂ ಮೊದಲೇ, 7ನೇ ಶತಮಾನದಲ್ಲೇ, ಆಳೆತ್ತರದ ಕಲ್ಲಿನಲ್ಲಿ ಕಡೆದಿದ್ದರು.

ಪ್ರೆಹ್ ಕೋ 879ರದು, ಒಂದನೇ ಇಂದ್ರವರ್ಮ ತನ್ನ ಹಿರಿಯರ ನೆನಪಿಗೆ ಕಟ್ಟಿಸಿದ್ದು. ಆರು ಇಟ್ಟಿಗೆ ಗೋಪುರಗಳು, ಎದುರಿಗೆ ಮೂರು ನಂದಿ. ಎರಡು ವರ್ಷದ ನಂತರದ ಬಾಕೋಂಗ್ ಮೆಟ್ಟಿಲು ಮೆಟ್ಟಿಲಾಗಿ ಎದ್ದ ಕಲ್ಲಿನ ಬೆಟ್ಟ, ಮೂಲೆ ಮೂಲೆಗೂ ಕಲ್ಲಾನೆ. ಖ್ಮೇರರ ಬೆಟ್ಟದಂಥ ಗುಡಿಗಳ ಸಾಲಿಗೆ ದಾರಿ ಹಾಕಿಕೊಟ್ಟದ್ದು ಅದು. ಎರಡನ್ನೂ ಬಿಸಿಲೇರುವ ಮೊದಲೇ ನೋಡಿ ಮುಗಿಸಿದೆವು.

ನಾವು ಹೆಚ್ಚು ಹೊತ್ತು ಕಳೆದದ್ದು ಲೋಲೇಯಲ್ಲಿ. ಇಂದ್ರವರ್ಮನ ಮಗ ಯಶೋವರ್ಮ 893ರಲ್ಲಿ ಇಂದ್ರತಟಾಕವೆಂಬ ದೊಡ್ಡ ಕೆರೆಯ ನಡುಗಡ್ಡೆಯ ಮೇಲೆ ಕಟ್ಟಿಸಿದ ಗುಡಿ. 3.8 ಕಿ.ಮೀ. ಉದ್ದದ ಆ ಕೆರೆ ಈಗ ಬತ್ತಿ ಗದ್ದೆಯಾಗಿದೆ. ಪಕ್ಕದಲ್ಲೇ ಬೌದ್ಧ ವಿಹಾರ, ಕಾವಿ ಒಣಹಾಕಿದ ಹಗ್ಗ, ಗುಡಿಯ ನೆರಳಿನಲ್ಲಿ ಓದುತ್ತ ಕೂತ ಮರಿ ಭಿಕ್ಷುಗಳು. ಬಾಗಿಲವಾಡದ ಕಲ್ಲಿನ ಮೇಲೆ ಉಗುರಿನಷ್ಟು ಅಕ್ಷರಗಳು, ಸಾಲು ತಪ್ಪದ ಹಾಗೆ, ಮೇಲಿನಿಂದ ಕೆಳಗಿನವರೆಗೆ. ರಾಜನ ಹೊಗಳಿಕೆ ಇರಬೇಕೆಂದುಕೊಂಡಿದ್ದೆವು. ಗೈಡ್ ಹೇಳಿದಾಗ ತಿಳಿಯಿತು, ಅದು ಹೆಸರುಗಳ ಪಟ್ಟಿ. ಗುಡಿಯಲ್ಲಿ ದುಡಿಯುತ್ತಿದ್ದ ಊಳಿಗದವರ ಹೆಸರುಗಳು. ಶುಕ್ಲಪಕ್ಷಕ್ಕೆ ಒಂದು ತಂಡ, ಕೃಷ್ಣಪಕ್ಷಕ್ಕೆ ಇನ್ನೊಂದು. ಕುಣಿಯುವವರು, ಹಾಡುವವರು, ವಾದ್ಯದವರು, ಅಡುಗೆಯವರು, ಗದ್ದೆಯವರು. ಅಕ್ಕ ಆ ಸಾಲುಗಳಿಗೆ ತಾಗದ ಹಾಗೆ ಗಾಳಿಯಲ್ಲೇ ಬೆರಳಾಡಿಸುತ್ತ, "ಇದರಲ್ಲಿ ಕುಣಿಯೋರ ಹೆಸರು ಯಾವುದೋ ಗೊತ್ತಾಗಿದ್ರೆ ಒಂದ್ಸಲ ಬಾಯಿಬಿಟ್ಟು ಓದ್ತಿದ್ದೆ ಕಣೇ" ಎಂದಳು.

ಇವರೆಲ್ಲ ಸ್ವಂತ ಇಷ್ಟದಿಂದ ಬಂದವರಲ್ಲ, ಗುಡಿಗೆ ದತ್ತಿ ಬಿಟ್ಟ ಜನ. ಅವರ ಬಾಳು ಹಗುರವಾಗಿರಲಿಲ್ಲ. ಆದರೂ ಕಟ್ಟಿಸಿದವನ ಹೆಸರಿನ ಜತೆಗೆ ಅಕ್ಕಿ ಬೇಯಿಸಿದವರ ಹೆಸರೂ ಸಾವಿರ ವರ್ಷ ಉಳಿದುಕೊಂಡಿದೆ. ಈ ನಾಡಿನಲ್ಲಿ ಗುಡಿ, ಹಳ್ಳಿ, ಕುಣಿತ ಮೂರನ್ನೂ ಒಟ್ಟಿಗೇ ನೋಡಬೇಕು ಎಂಬುದು ನನಗೆ ಹೊಳೆದದ್ದು ಲೋಲೇಯ ಆ ಬಾಗಿಲಲ್ಲಿ. ಪ್ರವಾಸಿ ಕಂಪನಿಗಳು ಬೆಳಿಗ್ಗೆಗೆ ಗುಡಿ, ಮಧ್ಯಾಹ್ನಕ್ಕೆ ಹಳ್ಳಿ, ರಾತ್ರಿಗೆ ನೃತ್ಯ ಎಂದು ಬೇರೆ ಬೇರೆ ದರದಲ್ಲಿ ಮಾರುತ್ತವೆ. ಶಾಸನದಲ್ಲಿ ಅವು ಒಂದೇ ಕಲ್ಲಿನ ಮೇಲಿವೆ.

ಶುಕ್ರವಾರ

ಇಡೀ ಪ್ರವಾಸದಲ್ಲಿ ಒಂದೇ ದಿನ ಉಳಿಸಿಕೊ ಎಂದರೆ ನಾನು ಈ ದಿನವನ್ನು ಉಳಿಸಿಕೊಳ್ಳುತ್ತೇನೆ.

ಬೆಳಗಿನ ಐದೂವರೆಗೇ ರಿಮೋರ್ಕ್ ಬಂತು. ಬೈಕಿಗೆ ಹಿಂದೆ ಗಾಡಿ ಕಟ್ಟಿದ, ನಾಲ್ಕು ಜನ ಕೂರಬಹುದಾದ ವಾಹನ ಅದು. ಓಡಿಸುವವರು ನಮಗಿಂತ ಹಿರಿಯರು, ಅಲ್ಲಿಯವರ ಹಾಗೆ ನಾವೂ ಅವರನ್ನು 'ಬೋಂಗ್' ಎಂದೇ ಕರೆದೆವು. ಅಣ್ಣ ಎಂದ ಹಾಗೆ. ಫೆಬ್ರವರಿಯ ಬೆಳಗಿನ ಚಳಿಗೆ ಅವರೂ ನಾವೂ ಕತ್ತಿಗೆ ಕ್ರಾಮಾ ಸುತ್ತಿಕೊಂಡಿದ್ದೆವು. ಈ ಚೌಕುಳಿಯ ಹತ್ತಿಬಟ್ಟೆ ಕಾಂಬೋಡಿಯಾದವರಿಗೆ ಟವೆಲ್ಲು, ರುಮಾಲು, ಮಗುವಿನ ಜೋಲಿ ಎಲ್ಲವೂ ಹೌದು.

ಬಂಟೆಯ್ ಸ್ರೇ ಅಂಗ್‌ಕೋರ್‌ನಿಂದ ಉತ್ತರಕ್ಕೆ ಸುಮಾರು 25 ಕಿ.ಮೀ. ಬೇಗ ಹೋದವರಿಗೆ ಮಾತ್ರ ಅದು ಸಿಗುತ್ತದೆ. ಒಂಬತ್ತರ ನಂತರ ಬಸ್ಸುಗಳು ಬಂದು ಕಾಲಿಡಲು ಜಾಗವಿರುವುದಿಲ್ಲ, ಯಾಕೆಂದರೆ ಗುಡಿ ಅಷ್ಟು ಪುಟ್ಟದು. ಗರ್ಭಗುಡಿಯ ಬಾಗಿಲಿಗೆ ದೊಡ್ಡವರು ಸೊಂಟ ಬಗ್ಗಿಸಲೇಬೇಕು. ಈಗ ಒಳಗೆ ಬಿಡುವುದಿಲ್ಲ, ಹಗ್ಗದ ಆಚೆಯಿಂದಲೇ ನೋಡಬೇಕು. 967ರಲ್ಲಿ ಪ್ರತಿಷ್ಠೆಯಾದ ಇದನ್ನು ಕಟ್ಟಿಸಿದ್ದು ರಾಜನಲ್ಲ, ಐದನೇ ಜಯವರ್ಮನ ಗುರು ಯಜ್ಞವರಾಹ. ದೇವರು ತ್ರಿಭುವನಮಹೇಶ್ವರ. ಊರಿಗೆ ಆಗ ಈಶ್ವರಪುರ ಎಂದು ಹೆಸರು.

ಕೆಂಪುಗಲ್ಲು ಬೆಳಗಿನ ಬಿಸಿಲಿಗೆ ಗುಲಾಬಿಯಾಗುತ್ತದೆ. ಕೆತ್ತನೆ ಎಷ್ಟು ಆಳವೆಂದರೆ ಬಳ್ಳಿಯ ಹಿಂದೆ ಬಳ್ಳಿ, ಅದರ ಹಿಂದೆ ಕತ್ತಲೆ. ದಕ್ಷಿಣದ ಪುಟ್ಟ ಕಟ್ಟಡದ ನೆತ್ತಿಯಲ್ಲಿ ರಾವಣ ಕೈಲಾಸವನ್ನು ಅಲುಗಾಡಿಸುತ್ತಿದ್ದಾನೆ. ಬೆಟ್ಟ ಇಲ್ಲಿ ಮೆಟ್ಟಿಲು ಮೆಟ್ಟಿಲಾಗಿದೆ, ಹಿಂದಿನ ದಿನ ನೋಡಿದ ಬಾಕೋಂಗ್‌ನ ಹಾಗೇ. ಕೆಳಗಿನ ಸಾಲಿನಲ್ಲಿ ಆನೆ ಸಿಂಹಗಳು ಬೆದರಿ ಓಡುತ್ತಿವೆ, ಅದರ ಮೇಲೆ ಪ್ರಾಣಿಮುಖದ ಗಣಗಳು, ಅದರ ಮೇಲೆ ಋಷಿಗಳು, ತುದಿಯಲ್ಲಿ ಶಿವನನ್ನು ಬಿಗಿಯಾಗಿ ಹಿಡಿದುಕೊಂಡ ಪಾರ್ವತಿ. ಅದೇ ಕಟ್ಟಡದ ಹಿಂಬದಿಯಲ್ಲಿ ಮನ್ಮಥ ಬಿಲ್ಲು ಎತ್ತಿದ್ದಾನೆ, ಪಾರ್ವತಿ ಶಿವನಿಗೆ ಜಪಮಾಲೆ ಕೊಡುತ್ತಿದ್ದಾಳೆ.

ನನ್ನನ್ನು ಹಿಡಿದು ನಿಲ್ಲಿಸಿದ್ದು ಉತ್ತರದ ಕಟ್ಟಡದ ಖಾಂಡವವನ. ಮೇಲೆ ಐರಾವತದ ಮೇಲೆ ಇಂದ್ರ. ಅವನ ಕೆಳಗೆ ಓರೆ ಓರೆಯಾಗಿ ಸಾಲುಗೆರೆಗಳು, ಅದು ಮಳೆ. ಮಳೆಯ ಕೆಳಗೆ ಒತ್ತೊತ್ತಾಗಿ ಹೆಣೆದ ಇನ್ನೊಂದು ಪದರ, ಅದು ಬಾಣಗಳ ಚಪ್ಪರ. ಒಂದು ಹನಿಯೂ ಆ ಚಪ್ಪರ ದಾಟುವುದಿಲ್ಲ. ಕೆಳಗೆ ಕಾಡಿನಲ್ಲಿ ಮೃಗಪಕ್ಷಿಗಳು ಕಂಗಾಲಾಗಿ ಓಡುತ್ತಿವೆ. ಕಲ್ಲಿನಲ್ಲಿ ಮಳೆಯನ್ನು ಕೆತ್ತುವುದು ಹೇಗೆ ಎಂದು ಯಾರೋ ಒಬ್ಬ ಶಿಲ್ಪಿ ಕುಳಿತು ಯೋಚಿಸಿದ್ದಾನೆ, ಉತ್ತರವನ್ನೂ ಕಂಡುಕೊಂಡಿದ್ದಾನೆ.

ಈ ಗುಡಿಯ ದೇವತಾಶಿಲ್ಪಗಳನ್ನು 1923ರಲ್ಲಿ ಫ್ರಾನ್ಸಿನ ತರುಣ ಆಂದ್ರೆ ಮಾಲ್ರೋ ಕಿತ್ತು ಸಾಗಿಸಲು ಹೋಗಿ ಸಿಕ್ಕಿಬಿದ್ದ. ಮುಂದೆ ಅವನೇ ತನ್ನ ದೇಶದ ಸಂಸ್ಕೃತಿ ಸಚಿವನಾದ. ಶಿಲ್ಪಗಳು ಹಿಂದಿರುಗಿ ಬಂದವು. 1930ರ ದಶಕದಲ್ಲಿ ಫ್ರೆಂಚ್ ಪುರಾತತ್ವಜ್ಞ ಆನ್ರಿ ಮಾರ್ಶಾಲ್ ಬಿದ್ದ ಕಲ್ಲುಗಳನ್ನು ಒಂದೊಂದಾಗಿ ಗುರುತಿಸಿ ಮೊದಲಿನ ಜಾಗಕ್ಕೇ ಜೋಡಿಸಿದ. ಇವತ್ತು ನಾವು ನೋಡುವ ಗುಡಿ ಆ ತಾಳ್ಮೆಯ ಫಲ.

ವಾಪಸು ಬರುವ ದಾರಿಯಲ್ಲಿ ಪ್ರೆಹ್ ದಾಕ್ ಎಂಬ ಹಳ್ಳಿ. ರಸ್ತೆಯ ಎರಡೂ ಕಡೆ ಒಲೆಗಳು, ಒಲೆಗಳ ಮೇಲೆ ಅಗಲ ಬಾಣಲೆಗಳು, ಬಾಣಲೆಗಳಲ್ಲಿ ತಾಳೆಯ ರಸ. ಮನೆಗಳೆಲ್ಲ ಕಂಬದ ಮೇಲೆ. ಮೇಲೆ ಮಲಗುವುದು, ಕೆಳಗೆ ಬದುಕುವುದು. ಕೆಳಗಿನ ನೆರಳಿನಲ್ಲೇ ಒಲೆ, ನೇತುಹಾಕಿದ ಜೋಕಾಲಿ, ಬೈಕು, ಕೋಳಿ, ಮೊಮ್ಮಕ್ಕಳು. ಒಂದು ಮನೆಯ ಅಜ್ಜಿ ಗೈಡ್‌ಗೆ ಪರಿಚಯದವರು. ನಾವು ಕೈಮುಗಿದು 'ಯೆಯ್' ಎಂದು ಕರೆದ ಕೂಡಲೇ ಚಾಪೆ ಹಾಸಿದರು.

ಅವರ ಮಗ ಮರದಿಂದ ಇಳಿದದ್ದು ಆಗಷ್ಟೇ. ಬೆನ್ನಿಗೆ ಬಿದಿರಿನ ಅಂಡೆಗಳು, ಸೊಂಟಕ್ಕೆ ಕತ್ತಿ. ಮರಕ್ಕೆ ಉದ್ದನೆಯ ಬಿದಿರನ್ನು ಕಟ್ಟಿರುತ್ತಾರೆ. ಅದರ ಗೆಣ್ಣಿನ ಕವಲುಗಳೇ ಮೆಟ್ಟಿಲು. ಮೇಲೆ ಹೋಗಿ ಹೂಗೊನೆಯನ್ನು ಬಿದಿರಿನ ಇಕ್ಕಳದಲ್ಲಿ ಒತ್ತಿ, ತುದಿಯನ್ನು ತೆಳ್ಳಗೆ ಕೊಯ್ದು, ಅಂಡೆ ಕಟ್ಟಿ ಬರಬೇಕು. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ, ಮಳೆಗಾಲ ಬರುವವರೆಗೂ ದಿನವೂ ಇದೇ. ರಸ ಹುಳಿಯದಿರಲೆಂದು ಅಂಡೆಯೊಳಗೆ ಒಂದು ಮರದ ಚಕ್ಕೆ ಹಾಕುತ್ತಾರೆ. ಬಾಣಲೆಯಲ್ಲಿ ಕುದಿದು ಕುದಿದು ಪಾಕವಾದ ಮೇಲೆ ಕೆಳಗಿಳಿಸಿ ಮರದ ಕೋಲಿನಿಂದ ಬಡಿಯುತ್ತಾರೆ. ಬಣ್ಣ ಕಂದಿನಿಂದ ಜೇನಿಗೆ, ಜೇನಿನಿಂದ ಹಳದಿಗೆ ತಿರುಗುವುದನ್ನು ನೋಡುತ್ತಲೇ ಇರಬಹುದು. ಆಮೇಲೆ ತಾಳೆಗರಿಯ ಬಳೆಗಳಲ್ಲಿ ಹುಯ್ದರೆ ಬಿಲ್ಲೆ ಬಿಲ್ಲೆ ಬೆಲ್ಲ. ಬಿಸಿ ಇರುವಾಗಲೇ ನಾಲಿಗೆಗೆ ಇಟ್ಟೆವು. ಸಿಹಿಯ ಹಿಂದೆ ಒಂದು ಚೂರು ಹೊಗೆಯ ರುಚಿ.

ಪಕ್ಕದ ಮನೆಯಲ್ಲಿ ನೊಮ್ ಬಾಂಚೊಕ್ ಮಾಡುತ್ತಿದ್ದರು. ನೆನೆಸಿದ ಅಕ್ಕಿಯನ್ನು ಬೀಸುಕಲ್ಲಲ್ಲಿ ಬೀಸಿ, ಬಟ್ಟೆಯಲ್ಲಿ ಕಟ್ಟಿ, ಮೇಲೆ ಕಲ್ಲು ಹೇರಿ ನೀರು ಬಸಿದು, ಬೇಯಿಸಿ, ಕಾಲಿನಿಂದ ತುಳಿಯುವ ಒನಕೆಯಲ್ಲಿ ಕುಟ್ಟಿ ಹದ ಮಾಡಿ, ತೂತಿನ ಅಚ್ಚಿನಿಂದ ಕುದಿಯುವ ನೀರಿಗೆ ಒತ್ತಿದರೆ ಎಳೆ ಎಳೆಯಾಗಿ ಇಳಿಯುತ್ತದೆ, ನಮ್ಮ ಒತ್ತು ಶಾವಿಗೆಯ ಹಾಗೇ. ಕೂಡಲೇ ತಣ್ಣೀರಿಗೆ ಹಾಕಿ, ಹಿಡಿ ಹಿಡಿಯಾಗಿ ಸುತ್ತಿ, ಬಾಳೆಲೆಯ ಮೇಲೆ ಜೋಡಿಸುತ್ತಾರೆ. ಅವರ ಪದ್ಧತಿಯಲ್ಲಿ ಮೀನಿನ ಹಸಿರು ಸಾರು ಸುರಿದು ತಿನ್ನುವುದು. ನಾವು ಮೀನು ತಿನ್ನುವುದಿಲ್ಲ ಎಂದಾಗ ಮನೆಯಾಕೆ ಬೇಸರಿಸದೆ ಬಾಳೆಹೂ, ಸೌತೆಕಾಯಿ, ಎಳೆ ಸೊಪ್ಪು, ತೆಂಗಿನ ಹಾಲು, ಹುರಿದ ಶೇಂಗಾ ಸೇರಿಸಿ ಕೊಟ್ಟರು. ಇದಕ್ಕಿಂತ ಒಳ್ಳೆಯ ಊಟ ಆ ಊರಿನಲ್ಲಿ ನಮಗೆ ಸಿಗಲಿಲ್ಲ.

ಯೆಯ್‌ಗೆ ಎಪ್ಪತ್ತು ದಾಟಿದೆ. ಖ್ಮೇರ್ ರೂಜ್ ಎಂಬ ಉಗ್ರ ಕಮ್ಯುನಿಸ್ಟರು ಆಳಿದ ಕಾಲದಲ್ಲಿ, 1975ರಿಂದ 79ರವರೆಗೆ, ಅವರಿಗೆ ಇಪ್ಪತ್ತರ ಆಸುಪಾಸು. ನಾವಾಗಿ ಕೇಳಲಿಲ್ಲ, ಬಾಣಲೆ ಕೆದಕುತ್ತ ಅವರೇ ಹೇಳಿದರು. ಆಗ ಮನೆಯಲ್ಲಿ ಒಲೆ ಹಚ್ಚುವ ಹಾಗಿರಲಿಲ್ಲವಂತೆ. ಎಲ್ಲರೂ ಒಂದೇ ಕಡೆ ಸಾಲಾಗಿ ಕೂತು ನೀರುಗಂಜಿ ಕುಡಿಯಬೇಕಿತ್ತಂತೆ. "ಈಗ ಬೆಳಗಿಂದ ಸಂಜೆವರೆಗೆ ನನ್ನ ಒಲೆ ಆರುವುದಿಲ್ಲ" ಎಂದರು. ಗೈಡ್ ಅದನ್ನು ತರ್ಜುಮೆ ಮಾಡಿ ಮುಗಿಸುವಷ್ಟರಲ್ಲಿ ಅವರು ಇನ್ನೊಂದು ಸೌದೆ ಒಳಗೆ ತಳ್ಳಿಯಾಗಿತ್ತು.

ಮಧ್ಯಾಹ್ನ ತಾ ಪ್ರೋಮ್. ಎಲ್ಲರೂ ಇಲ್ಲಿಗೆ ಬರುವುದು ಗೋಡೆಗಳನ್ನು ತಬ್ಬಿದ ಮರದ ಬೇರುಗಳ ಎದುರು ಫೋಟೊ ತೆಗೆಸಿಕೊಳ್ಳಲು. ನಮಗೆ ಬೇಕಿದ್ದದ್ದು ಅದರ ಶಾಸನದ ಲೆಕ್ಕ. ಏಳನೇ ಜಯವರ್ಮ ತನ್ನ ತಾಯಿಯನ್ನು ಬೌದ್ಧರ ಜ್ಞಾನದೇವತೆ ಪ್ರಜ್ಞಾಪಾರಮಿತೆಯ ರೂಪದಲ್ಲಿ ಇಲ್ಲಿ ಪ್ರತಿಷ್ಠಾಪಿಸಿದ್ದು 1186ರಲ್ಲಿ. ಈ ಗುಡಿಯನ್ನು ನಡೆಸಲು 3,140 ಹಳ್ಳಿಗಳು, 79,365 ಜನರ ಸೇವೆ, ಒಳಗೆ 615 ನರ್ತಕಿಯರು ಎಂದು ಶಾಸನ ಹೇಳುತ್ತದೆ. ಲೋಲೇಯ ಬಾಗಿಲವಾಡದಲ್ಲಿ ಕಂಡ ವ್ಯವಸ್ಥೆ ಮುನ್ನೂರು ವರ್ಷದಲ್ಲಿ ಎಲ್ಲಿಗೆ ಬೆಳೆದಿದೆ ನೋಡಿ. ಅಷ್ಟು ಹಳ್ಳಿಗಳ ಗದ್ದೆಯಿಂದ ಅಕ್ಕಿ ಬಂದರೆ ಮಾತ್ರ ಇಲ್ಲಿ ಗೆಜ್ಜೆ ಕಟ್ಟಲು ಆಗುತ್ತಿತ್ತು.

ಆ ನರ್ತಕಿಯರು ಕುಣಿದರೆನ್ನಲಾದ ಮಂಟಪವನ್ನು ಜೀರ್ಣೋದ್ಧಾರ ಮಾಡಿದ್ದು ನಮ್ಮ ಭಾರತೀಯ ಪುರಾತತ್ವ ಸರ್ವೇಕ್ಷಣೆ. 2022ರಲ್ಲಿ ಅದು ಮತ್ತೆ ತೆರೆಯಿತು. ಅಂತರ್ಯುದ್ಧ ಇನ್ನೂ ಮುಗಿಯದ ದಿನಗಳಲ್ಲಿ, 1986ರಿಂದ 93ರವರೆಗೆ, ಅಂಗ್‌ಕೋರ್ ವಾಟ್‌ನಲ್ಲಿ ಕೆಲಸ ಮಾಡಿದವರೂ ಇವರೇ. ಆ ತಂಡದವರ ಬಗ್ಗೆ ನಮ್ಮಲ್ಲಿ ಯಾರೂ ಹೆಚ್ಚು ಮಾತಾಡುವುದಿಲ್ಲ, ಮಾತಾಡಬೇಕು. ಮಂಟಪದ ಬಾಗಿಲ ಮೇಲಿನ ಪಟ್ಟಿಯಲ್ಲಿ ಸಾಲಾಗಿ ಅಪ್ಸರೆಯರು. ಮಂಡಿ ಹೊರಕ್ಕೆ ಬಾಗಿದೆ, ಒಂದು ಪಾದ ಮೇಲೆದ್ದಿದೆ. "ಇದು ಅರೆಮಂಡಿನೇ! ನಮ್ಮ ಮಕ್ಕಳಿಗೆ ಇಷ್ಟು ಕೂರಿಸೋಕೆ ನಾನು ವರ್ಷಗಟ್ಟಲೆ ಕಷ್ಟಪಡ್ತೀನಿ" ಎಂದು ಅಕ್ಕ ಅಲ್ಲೇ ಚಪ್ಪಲಿ ಕಳಚಿ ನಿಂತಳು. ಕಾವಲಿನವರು ನಗುತ್ತ ಅವಳಿಗೆ ಜಾಗ ಬಿಟ್ಟರು.

ರಾತ್ರಿ ಒಂದು ವಿಹಾರದ ಅಂಗಳದಲ್ಲಿ ಸ್ಬೇಕ್ ಥೋಮ್, ಖ್ಮೇರರ ದೊಡ್ಡ ತೊಗಲು ಗೊಂಬೆಯಾಟ. ದಿನವೂ ನಡೆಯುವ ಆಟವಲ್ಲ, ವಿಚಾರಿಸಿಕೊಂಡು ಹೋಗಬೇಕು. ಬಿಳಿಯ ದೊಡ್ಡ ಪರದೆ, ಹಿಂದೆ ತೆಂಗಿನ ಚಿಪ್ಪಿನ ಬೆಂಕಿ. ಗೊಂಬೆಗಳು ಒಂದೇ ತೊಗಲಿನಲ್ಲಿ ಕೊರೆದವು, ಕೆಲವು ಆಳೆತ್ತರ. ಕೈಕಾಲು ಅಲುಗುವುದಿಲ್ಲ. ನಮ್ಮ ತೊಗಲು ಗೊಂಬೆಯಾಟದಲ್ಲಿ ಗೊಂಬೆಯ ಕೈ ಆಡುತ್ತದೆ, ಆಡಿಸುವವರು ಪರದೆಯ ಹಿಂದೆ ಕಾಣದಂತೆ ಇರುತ್ತಾರೆ. ಇಲ್ಲಿ ಗೊಂಬೆ ಸ್ಥಿರ, ಹಿಡಿದವನೇ ಕುಣಿಯುತ್ತಾನೆ. ಎರಡು ಕೋಲು ಹಿಡಿದು ಗೊಂಬೆಯನ್ನು ತಲೆಯ ಮೇಲೆತ್ತಿ, ಪರದೆಯ ಹಿಂದೆಯೂ ಬರುತ್ತಾನೆ, ಮುಂದೆಯೂ ಬರುತ್ತಾನೆ. ರಾಕ್ಷಸನಿಗೆ ಅಗಲ ಹೆಜ್ಜೆ, ಕಪಿಗೆ ಚುರುಕು ಹೆಜ್ಜೆ.

ಮೊದಲು ಗುರುಪೂಜೆ, ಊದುಬತ್ತಿ, ಹಣ್ಣು. ಪಿನ್ ಪಿಯತ್ ಮೇಳದಲ್ಲಿ ಸಾಂಪೋ ಎಂಬ ಮದ್ದಳೆಗೆ ಎಲ್ಲಕ್ಕಿಂತ ಹೆಚ್ಚಿನ ಗೌರವ. ಕಥೆಗೆ ಮುಂಚೆ ಬಿಳಿ ಕಪಿಗೂ ಕಪ್ಪು ಕಪಿಗೂ ಕಾಳಗ. ಬಿಳಿಯದು ಗೆದ್ದು ಕಪ್ಪನ್ನು ಕಟ್ಟಿ ಋಷಿಯ ಮುಂದೆ ತಂದು ನಿಲ್ಲಿಸುತ್ತದೆ. ಋಷಿ ಕೊಲ್ಲಿಸುವುದಿಲ್ಲ, ಬುದ್ಧಿ ಹೇಳಿ ಬಿಡಿಸುತ್ತಾನೆ. ಇಷ್ಟು ನೆತ್ತರು ಹರಿದ ನಾಡಿನಲ್ಲಿ ಪ್ರತಿ ಆಟವೂ ಹೀಗೆ ಶುರುವಾಗುತ್ತದೆ ಎಂಬುದು ನನಗೆ ತುಂಬ ದೊಡ್ಡದಾಗಿ ಕಂಡಿತು. ಆಮೇಲೆ ರಿಯಾಮ್ಕೇರ್, ಅಂದರೆ ಖ್ಮೇರರ ರಾಮಾಯಣದ ಪ್ರಸಂಗ. ಇಂದ್ರಜಿತುವಿನ ನಾಗಪಾಶ ರಾಮಲಕ್ಷ್ಮಣರನ್ನು ಬಿಗಿದಾಗ ಮುಂದಿನ ಸಾಲಿನ ಮಕ್ಕಳು ಉಸಿರು ಬಿಗಿಹಿಡಿದು ಕೂತಿದ್ದರು, ಗರುಡ ಬಂದಾಗ ಕೂಗೆದ್ದಿತು. ಭಾಷೆ ತಿಳಿಯದ ನಮಗೂ ಅವರಷ್ಟೇ ಸರಿಯಾಗಿ ತಿಳಿಯಿತು.

ಶನಿವಾರ

ಅಂಗ್‌ಕೋರ್ ವಾಟ್ ಬಗ್ಗೆ ಬರೆದವರು ಬಹಳ ಮಂದಿ, ಹಾಗಾಗಿ ನಾನು ಕಂಡ ಒಂದೆರಡನ್ನೇ ಹೇಳುತ್ತೇನೆ. ಎರಡನೇ ಸೂರ್ಯವರ್ಮ 12ನೇ ಶತಮಾನದಲ್ಲಿ ವಿಷ್ಣುವಿಗಾಗಿ ಕಟ್ಟಿಸಿದ್ದು, ಪಶ್ಚಿಮಕ್ಕೆ ಮುಖ. ಸೂರ್ಯೋದಯಕ್ಕೆ ಎಲ್ಲರೂ ಕೊಳದ ಬಳಿ ಗುಂಪುಗೂಡುತ್ತಾರೆ. ನಾವು ಹಿಂದಿನ ಪೂರ್ವದ ಬಾಗಿಲಿನಿಂದ ಹೋಗಿ ನೇರ ಸಮುದ್ರಮಥನದ ಮುಂದೆ ನಿಂತೆವು. 49 ಮೀಟರ್ ಉದ್ದದ ಒಂದೇ ಚಿತ್ರ, ಒಂದು ಕಡೆ 92 ಅಸುರರು, ಇನ್ನೊಂದು ಕಡೆ 88 ದೇವತೆಗಳು, ನಡುವೆ ವಿಷ್ಣು. ಹಗ್ಗ ಎಳೆಯುವವರ ತಲೆಯ ಮೇಲೆ ನೊರೆಯಿಂದ ಅಪ್ಸರೆಯರು ಚಿಮ್ಮಿ ಚಿಮ್ಮಿ ಏಳುತ್ತಿದ್ದಾರೆ. ಅಷ್ಟು ಜನರ ದುಡಿಮೆಯಿಂದ ನೃತ್ಯ ಹುಟ್ಟುತ್ತಿದೆ.

ಬಾಯೋನ್ ಗುಡಿಯಲ್ಲಿ ಎಲ್ಲರ ಕಣ್ಣು ಗೋಪುರದ ಮುಖಗಳ ಮೇಲೆ. ನೀವು ಕೆಳಗಿನ ಹೊರಗೋಡೆಗೂ ಸಮಯ ಕೊಡಿ. ದಕ್ಷಿಣದ ಗೋಡೆಯಲ್ಲಿ ನೆರೆರಾಜ್ಯ ಚಾಂಪಾದವರ ಜತೆ ದೋಣಿಯುದ್ಧ, ಅದರ ಕೆಳಗೆ ಏನೂ ಆಗಿಲ್ಲವೆಂಬಂತೆ ಊರಿನ ಬಾಳು: ಕೋಳಿ ಅಂಕ, ಮೀನು ಮಾರುವ ಹೆಂಗಸರು, ಹೆರಿಗೆ, ಒಲೆಗೆ ಬಾಗಿದ ಅಡುಗೆಯವರು. 1296ರಲ್ಲಿ ಬಂದ ಚೀನೀ ರಾಯಭಾರ ತಂಡದ ಝೌ ದಾಗುವಾನ್ ಇಲ್ಲಿ ವ್ಯಾಪಾರವೆಲ್ಲ ಹೆಂಗಸರದ್ದೇ ಎಂದು ಬರೆದಿಟ್ಟಿದ್ದಾನೆ. ಪ್ರೆಹ್ ದಾಕ್‌ನ ರಸ್ತೆಬದಿಯಲ್ಲಿ ನಾವು ಕಂಡದ್ದೂ ಅದನ್ನೇ. ಪೂರ್ವದ ಗೋಡೆಯಲ್ಲಿ ಸೈನ್ಯದ ಸಾಲಿನ ನಡುವೆ ಒಬ್ಬ ಆಮೆ ಹಿಡಿದುಕೊಂಡು ನಡೆಯುತ್ತಿದ್ದಾನೆ. ಆಮೆ ಮುಂದಿನವನ ಕುಂಡೆ ಕಚ್ಚಿದೆ, ಅವನು ಸಿಟ್ಟಿನಿಂದ ಹಿಂದಿರುಗಿ ನೋಡುತ್ತಿದ್ದಾನೆ. ರಾಜನ ಗುಡಿಯ ಗೋಡೆಯಲ್ಲಿ ಇದಕ್ಕೂ ಜಾಗ ಕೊಟ್ಟವರ ಮೇಲೆ ಪ್ರೀತಿ ಉಕ್ಕುತ್ತದೆ.

ಸಂಜೆಯ ನೃತ್ಯಕ್ಕೆ ಊಟದ ಜತೆ ಪ್ರದರ್ಶನ ಕೊಡುವ ಜಾಗಗಳನ್ನು ಬಿಟ್ಟು, ಬರೀ ನೃತ್ಯವಿರುವ ಪುಟ್ಟ ರಂಗಮಂದಿರ ಹುಡುಕಿದೆವು. ತಟ್ಟೆ ಚಮಚಗಳ ಸದ್ದಿನ ನಡುವೆ ಈ ನೃತ್ಯ ನೋಡಬಾರದು. ಇದು ಅತಿ ನಿಧಾನದ ಕಲೆ, ಒಂದು ಬೆರಳು ತಿರುಗುವುದರಲ್ಲೇ ಅರ್ಧ ಅರ್ಥ ಇರುತ್ತದೆ. ಚಿಗುರು, ಎಲೆ, ಹೂ, ಹಣ್ಣು ಎಂದು ಕೈಮುದ್ರೆಗಳು ಒಂದರೊಳಗಿಂದ ಒಂದು ಅರಳುತ್ತವೆ. ಅಂಗೈ ಹಿಂದಕ್ಕೆ ಬಿಲ್ಲಿನಂತೆ ಬಾಗುತ್ತದೆ. ಉಡುಪನ್ನು ಆಟಕ್ಕೆ ಮುಂಚೆ ಮೈಮೇಲೇ ಹೊಲಿಯುತ್ತಾರೆ.

ಕಲ್ಲಿನ ಅಪ್ಸರೆಗೂ ವೇದಿಕೆಯ ಅಪ್ಸರೆಗೂ ವ್ಯತ್ಯಾಸವಿದೆ ಎಂದು ಅಕ್ಕ ಪಿಸುಗುಟ್ಟಿದಳು. ಕಲ್ಲಿನವಳದ್ದು ಅರೆಮಂಡಿ, ವೇಗ. ಇವಳದ್ದು ತೇಲುವ ನಡೆ. ಅದು ನಿಜ. ಈಗಿನ ಅಪ್ಸರಾ ನೃತ್ಯವನ್ನು ರಾಣಿ ಕೊಸಮಕ್ ಕಳೆದ ಶತಮಾನದ ಮಧ್ಯದಲ್ಲಿ, ಅಂಗ್‌ಕೋರ್‌ನ ಶಿಲ್ಪಗಳನ್ನು ಮನಸ್ಸಿನಲ್ಲಿಟ್ಟುಕೊಂಡು, ಅರಮನೆಯ ನೃತ್ಯದ ನುಡಿಗಟ್ಟಿನಲ್ಲೇ ರೂಪಿಸಿದರು. ಮೊಮ್ಮಗಳು ರಾಜಕುಮಾರಿ ಬುಪ್ಫಾ ದೇವಿ ಆ ಪಾತ್ರಕ್ಕೆ ಹೆಸರಾದರು. ಖ್ಮೇರ್ ರೂಜ್ ಆಳ್ವಿಕೆ ಮುಗಿಯುವ ಹೊತ್ತಿಗೆ ಹತ್ತು ಕಲಾವಿದರಲ್ಲಿ ಒಬ್ಬರು ಮಾತ್ರ ಉಳಿದಿದ್ದರೆಂಬ ಅಂದಾಜಿದೆ. ಉಳಿದವರು ಒಬ್ಬರನ್ನೊಬ್ಬರು ಹುಡುಕಿಕೊಂಡು, ಮೈಗೆ ನೆನಪಿದ್ದಷ್ಟನ್ನು ಸೇರಿಸಿ ಮಕ್ಕಳಿಗೆ ಕಲಿಸಿದರು. 2003ರಲ್ಲಿ ಯುನೆಸ್ಕೊ ಗೌರವ ಬಂದದ್ದು ಅವರ ಆ ಹಟಕ್ಕೆ.

ಆಟ ಮುಗಿದ ಮೇಲೆ ಅಕ್ಕ ವೇದಿಕೆಯ ಹಿಂದೆ ಹೋಗಿ ಹುಡುಗಿಯರ ಗುರುವಿಗೆ ಕೈಮುಗಿದಳು. ಐವತ್ತರ ಸುಮಾರಿನ ಹೆಂಗಸು. ಅವರ ಗುರು 1979ರ ನಂತರ ಉಳಿದವರಲ್ಲಿ ಒಬ್ಬರಂತೆ. ಗೈಡ್ ಮಾತು ಕೂಡಿಸುವುದಕ್ಕೂ ಮೊದಲೇ ಅಕ್ಕ ಭರತನಾಟ್ಯದ ಅಲಪದ್ಮ ಮುದ್ರೆ ಹಿಡಿದು ತೋರಿಸಿದಳು, ಅವರು ತಮ್ಮ ಹೂವಿನ ಮುದ್ರೆ ಹಿಡಿದರು. ಆಮೇಲೆ ಎಲೆ, ಆಮೇಲೆ ಹಕ್ಕಿ, ಆಮೇಲೆ ಮೀನು. ಹುಡುಗಿಯರು ಕಿರೀಟ ಕಳಚುವುದನ್ನು ಬಿಟ್ಟು ಸುತ್ತ ನಿಂತರು. ಗುರುಗಳು ಅಕ್ಕನ ಮಣಿಕಟ್ಟು ಹಿಡಿದು ಒಂದು ಕೂದಲೆಳೆಯಷ್ಟು ತಿರುಗಿಸಿ ಸರಿ ಮಾಡಿದರು.

ಭಾನುವಾರ ಬೆಳಿಗ್ಗೆ ಏಳಕ್ಕೆ ನಮಗೆ ಬಟ್ಟಂಬಾಂಗ್‌ಗೆ ಬಸ್ಸಿತ್ತು. ಗಡಿಯ ನಿರಾಶ್ರಿತರ ಶಿಬಿರದಲ್ಲಿ ಚಿತ್ರ ಕಲಿತ ಹುಡುಗರು 1994ರಲ್ಲಿ ತಮ್ಮ ಗುರುವಿನ ಜತೆ ಕಟ್ಟಿದ ಫಾರ್ ಕಲಾಶಾಲೆ ಇರುವುದು ಅಲ್ಲಿ, ಅದನ್ನು ನೋಡದೆ ಹಿಂದಿರುಗುವುದಿಲ್ಲ ಎಂದು ಮೊದಲೇ ತೀರ್ಮಾನಿಸಿದ್ದೆವು. ಆದರೆ ಗುರುಗಳು ಬೆಳಗಿನ ಪಾಠಕ್ಕೆ ಬಾ ಎಂದು ಅಕ್ಕನನ್ನು ಕರೆದರು. ಪಾಠವೂ ಏಳಕ್ಕೇ. ಅವಳು ನನ್ನ ಮುಖ ನೋಡಿದಳು. ನಾನು ಗೈಡ್‌ಗೆ ಮಧ್ಯಾಹ್ನದ ಬಸ್ಸಿನಲ್ಲಿ ಎರಡು ಸೀಟು ವಿಚಾರಿಸಲು ಹೇಳಿದೆ.